ಬೆಂಗಳೂರಿನಲ್ಲಿ ಮನೆ ಕೊಳ್ಳಲು ಏರಿಯಾ ಆರಿಸುವುದು ಹೇಗೆ? ನೆಲ, ನೀರು, ಕಾಗದದ ಲೆಕ್ಕ

ಮನೆ ನೋಡಲು ಹೋದರೆ ನಾನು ಈಗ ಮೊದಲು ಹಿತ್ತಲಿನ ಕಾಂಪೌಂಡ್ ಗೋಡೆ ನೋಡುತ್ತೇನೆ. ಅದಕ್ಕೊಂದು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನಗರದ ಪೂರ್ವ ಭಾಗದಲ್ಲಿ ಒಂದು ಮನೆ ನಮಗೆಲ್ಲ ತುಂಬಾ ಹಿಡಿಸಿತ್ತು. ಮೂವತ್ತು ನಲವತ್ತರ ಸೈಟು, ಪೂರ್ವಕ್ಕೆ ಬಾಗಿಲು, ಗೇಟಿನ ಮುಂದೆ ಹೊಂಗೆ ಮರ, ಮನೆಗೆಲ್ಲ ಹೊಸ ಬಣ್ಣ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಬ್ರಷ್ ಮುಟ್ಟದ ಒಂದು ಮೂಲೆ ಇತ್ತು. ಅಲ್ಲಿ ಗೋಡೆಯ ಮೇಲೆ ನನ್ನ ಮೊಣಕಾಲಿನ ಮಟ್ಟಕ್ಕೆ ಒಂದು ಕಂದು ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಗೆರೆಯ ಕೆಳಗೆ ಉಗುರು ತಾಗಿಸಿದರೆ ಸಿಮೆಂಟು ಪುಡಿಪುಡಿಯಾಗಿ ಬಂತು. 'ಪೈಪ್ ಒಡೆದಿತ್ತು' ಅಂದರು ಮಾಲೀಕರು.

ಎರಡು ಮನೆ ಆಚೆ ಒಬ್ಬ ಅಜ್ಜಿ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದರು. ನನ್ನ ಹೆಂಡತಿ ಹೋಗಿ ಮಾತಾಡಿಸಿದಳು. "ಹೋದ ವರ್ಷ ನಮ್ಮನೇಲಿ ಫ್ರಿಜ್ಜೇ ತೇಲ್ತಿತ್ತಮ್ಮ. ರಾತ್ರಿ ಎರಡು ಗಂಟೇಲಿ ಮೊಮ್ಮಕ್ಕಳನ್ನ ಎತ್ಕೊಂಡು ಮಹಡಿ ಮನೆಯವರ ಹತ್ರ ಹೋಗಿದ್ವಿ" ಅಂದರು ಅವರು. ನಾವು ಅಡ್ವಾನ್ಸ್ ಕೊಡದೆ ವಾಪಸ್ ಬಂದೆವು.

ಆಮೇಲೆ ಎರಡು ವರ್ಷ ಹುಡುಕಿದೆವು. ನನಗೆ ಮನದಟ್ಟಾದ ಮಾತು ಇಷ್ಟು: ಇಲ್ಲಿ ಆರಿಸಬೇಕಾದ್ದು ಕ್ರಾಸ್, ಅಂದರೆ ಅಡ್ಡ ಬೀದಿ. ಏರಿಯಾ ಹೆಸರು ಹುಡುಕಾಟ ಶುರು ಮಾಡುವುದಕ್ಕೆ ಮಾತ್ರ. ಒಂದೇ ಬಡಾವಣೆಯ ಮೂರನೇ ಕ್ರಾಸ್‌ನಲ್ಲಿ ಕಾವೇರಿ ನೀರು ಸಂಪು ತುಂಬುತ್ತದೆ, ಒಂಬತ್ತನೇ ಕ್ರಾಸ್‌ನಲ್ಲಿ ದಿನಾ ಟ್ಯಾಂಕರ್ ನಿಂತಿರುತ್ತದೆ. ಒಂದು ಬದಿಯ ಸೈಟಿಗೆ ಬ್ಯಾಂಕ್ ಸಾಲ ಸುಲಭವಾಗಿ ಸಿಗುತ್ತದೆ, ಎದುರು ಬದಿಯ ಸೈಟಿಗೆ ಸಿಗುವುದಿಲ್ಲ. ನಾವು ಯಾವ ಕ್ರಮದಲ್ಲಿ ಸೋಸಿಕೊಂಡು ಬಂದೆವೋ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಮನೆಯವರೆಲ್ಲರ ಓಡಾಟ ಬರೆದುಕೊಳ್ಳಿ

ಒಂದು ವಾರದಲ್ಲಿ ಮನೆಯ ಯಾರು ಎಲ್ಲಿಗೆ ಹೋಗುತ್ತಾರೆ, ಎಷ್ಟು ಹೊತ್ತಿಗೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಆಫೀಸು ಮಾತ್ರ ಬರೆದರೆ ಸಾಲದು. ಮಕ್ಕಳ ಶಾಲೆ, ಅಮ್ಮನ ಆಸ್ಪತ್ರೆ, ಅಕ್ಕನ ಮನೆ, ಊರಿಗೆ ಹೋಗುವ ಬಸ್ಸು ಎಲ್ಲ ಬರಲಿ. ಊರಿನ ದಿಕ್ಕನ್ನು ಜಾಸ್ತಿ ಜನ ಮರೆಯುತ್ತಾರೆ. ತಿಂಗಳಿಗೆ ಎರಡು ಸಲ ತುಮಕೂರು, ಹಾಸನ ಕಡೆ ಹೋಗುವವರು ಸರ್ಜಾಪುರ ರಸ್ತೆಯಲ್ಲಿ ಮನೆ ಮಾಡಿದರೆ ನಗರ ದಾಟುವುದರಲ್ಲೇ ಸುಸ್ತಾಗುತ್ತಾರೆ. ಅವರಿಗೆ ಯಶವಂತಪುರ, ದಾಸರಹಳ್ಳಿ, ನಾಗಸಂದ್ರದ ಕಡೆ ಅನುಕೂಲ. ಮಂಡ್ಯ, ಮೈಸೂರು ಕಡೆಯವರಿಗೆ ಕೆಂಗೇರಿ, ರಾಜರಾಜೇಶ್ವರಿ ನಗರ.

ಮೆಟ್ರೊ ವಿಷಯದಲ್ಲಿ ನನ್ನದು ಒಂದೇ ಮಾತು. ಓಡುತ್ತಿರುವ ರೈಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ ಪೂರ್ತಿ ಓಡಲು ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ. 'ಮೆಟ್ರೊ ಬರುತ್ತೆ ಸಾರ್' ಅನ್ನುವ ಮಾತು ನಂಬಿ ಆ ದಾರಿಗಳಲ್ಲಿ ಮೊದಲೇ ಕೊಂಡವರು ವರ್ಷಗಟ್ಟಲೆ ಕಾದಿದ್ದಾರೆ. ಸ್ಟೇಷನ್ ಹತ್ತಿರ ಅಂದರೆ ಮನೆಯ ಹಿರಿಯರನ್ನು ಕರೆದುಕೊಂಡು ಒಮ್ಮೆ ನಡೆದು ನೋಡಿ. ನಕ್ಷೆಯ ಎಂಟುನೂರು ಮೀಟರ್, ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಅಮ್ಮನಿಗೆ ಎರಡು ಕಿಲೋಮೀಟರ್ ಆಗುತ್ತದೆ.

ಈ ಹಾಳೆ ಮುಂದಿಟ್ಟುಕೊಂಡು ಮೂರೋ ನಾಲ್ಕೋ ಏರಿಯಾ ಗುರುತಿಸಿಕೊಳ್ಳಿ. ಅದಕ್ಕಿಂತ ಜಾಸ್ತಿ ಬೇಡ, ಮುಂದಿನ ಕೆಲಸಕ್ಕೆ ಕಾಲು ನೋಯಬೇಕು.

ಹೆಜ್ಜೆ 2: ನೆಲ ಓದಿ

ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಬೆಂಗಳೂರು ಸಪಾಟು ಊರಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ಮಳೆ ನೀರು ಮುಖ್ಯವಾಗಿ ಮೂರು ಕಣಿವೆಗಳಿಗೆ ಇಳಿಯುತ್ತದೆ: ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ. ದೊಡ್ಡ ನದಿ ಇಲ್ಲದ ಊರು ಅಂತಲೇ ಹಿಂದಿನವರು ಸಾಲುಸಾಲಾಗಿ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ಆ ಕೆರೆಗಳಲ್ಲಿ ಎಷ್ಟೋ ಈಗ ಇಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಕೆರೆ ಹೋದರೂ ಇಳಿಜಾರು ಹೋಗಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ, 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ, 2025ರ ಮೇನಲ್ಲಿ ಹೊರಮಾವಿನ ಸಾಯಿ ಲೇಔಟ್‌ನಲ್ಲಿ ನೀರು ನಿಂತಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಆ ಜಾಗಗಳಲ್ಲೂ ಒಳ್ಳೆಯ ಮನೆಗಳಿವೆ, ಒಳ್ಳೆಯ ಜನ ಇದ್ದಾರೆ. ತಗ್ಗು ಮಾತ್ರ ತಗ್ಗೇ.

ಊರಿನ ಹೆಸರೇ ಅರ್ಧ ಸಮಾಚಾರ ಹೇಳುತ್ತದೆ. ಸಂದ್ರ ಅಂದರೆ ಸಮುದ್ರ, ಅಂದರೆ ದೊಡ್ಡ ಕೆರೆ: ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ. ಅರಕೆರೆ, ಹೊಸಕೆರೆಹಳ್ಳಿ, ಕೋಣನಕುಂಟೆ ಬಿಡಿಸಿ ಹೇಳಬೇಕಾಗಿಲ್ಲ. ಕೊತ್ತನೂರು ದಿಣ್ಣೆ, ರಾಗಿಗುಡ್ಡ ಅಂದರೆ ಮೇಡು. ಹೆಸರಿನಲ್ಲಿ ಕೆರೆ ಇದೆ ಅಂತ ಬಿಟ್ಟು ಬರಬೇಡಿ. ಕೆರೆ ಎಲ್ಲಿತ್ತು, ಏರಿ ಯಾವ ಕಡೆ, ಕೋಡಿ ಯಾವ ಕಡೆ ಅಂತ ಊರಿನ ಹಿರಿಯರನ್ನು ಕೇಳಿ. ಏರಿಯ ಕೆಳಗಿನದು ಗದ್ದೆ ಬಯಲಾಗಿರುತ್ತದೆ. ಅಲ್ಲಿ ಕಟ್ಟಿದ ಮನೆಗೆ ಬೇಸಿಗೆಯಲ್ಲೂ ಗೋಡೆಯಲ್ಲಿ ತೇವ ಏರುತ್ತದೆ, ಪಾಯಕ್ಕೆ ಖರ್ಚೂ ಜಾಸ್ತಿ. ಹಳೇ ಹಳ್ಳಿಯ ಊರೊಳಗಿನ ದೇವಸ್ಥಾನ ಹುಡುಕಿ. ನಮ್ಮ ಹಿರಿಯರು ದೇವರನ್ನು, ಊರನ್ನು ನೀರು ನಿಲ್ಲುವ ಕಡೆ ಇಡುತ್ತಿರಲಿಲ್ಲ. ಆ ಗುಡಿಯಿಂದ ನೀವು ನೋಡುವ ಸೈಟಿಗೆ ಏರಬೇಕೋ ಇಳಿಯಬೇಕೋ ಅಂತ ನಡೆದು ನೋಡಿ.

ಆಮೇಲೆ ಮೊಬೈಲ್ ತೆಗೆಯಿರಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರ್ ಹಿಡಿದು ಕಂದಾಯ ಇಲಾಖೆಯ ವೆಬ್‌ಸೈಟ್‌ನಿಂದ ಹಳೇ ಗ್ರಾಮ ನಕ್ಷೆ ಇಳಿಸಿಕೊಳ್ಳಿ. ಈಗ ಮೋರಿ ಥರ ಕಾಣುವ ಕಾಲುವೆ ಅದರಲ್ಲಿ ಹಳ್ಳವಾಗಿ ಬಿದ್ದಿರುತ್ತದೆ. ಪಹಣಿಯಲ್ಲಿ 'ಬಿ ಖರಾಬು' ಅಂತ ಬರೆದ ಭಾಗ ರಸ್ತೆ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ನಿಮ್ಮ ಸೈಟು ಅದರೊಳಗೆ ಒಂದಿಷ್ಟು ಸೇರಿದ್ದರೂ ಬೇಡ. 2015ರ ಮಾಸ್ಟರ್ ಪ್ಲಾನ್ ಪ್ರಕಾರ ದೊಡ್ಡ ರಾಜಕಾಲುವೆಯ ನಡುವಿನಿಂದ 50 ಮೀಟರ್, ಎರಡನೇ ದರ್ಜೆಯದಕ್ಕೆ 25, ಮೂರನೇ ದರ್ಜೆಯದಕ್ಕೆ 15, ಕೆರೆಗೆ 30 ಮೀಟರ್ ಬಿಡಬೇಕು. ಇಂಥ ನಿಯಮಗಳು ತಿದ್ದುಪಡಿ ಆಗುತ್ತಿರುತ್ತವೆ, ಕೊಳ್ಳುವ ದಿನ ಎಂಜಿನಿಯರ್ ಹತ್ತಿರ ಮತ್ತೊಮ್ಮೆ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಕಾನೂನು ಎಷ್ಟು ಬಿಡಿ ಅನ್ನುತ್ತದೋ ಅದಕ್ಕಿಂತ ಇನ್ನಷ್ಟು ದೂರ ಹೋಗಿ.

ಬೀದಿಯಲ್ಲಿ ಗುರುತುಗಳು ತಾವಾಗಿ ಸಿಗುತ್ತವೆ. ಗೇಟಿನ ಒಳಗೆ ಅಡ್ಡಲಾಗಿ ಕಟ್ಟಿದ ಸಣ್ಣ ಗೋಡೆ, ಮೂರು ಮೆಟ್ಟಿಲು ಹತ್ತಿ ಮತ್ತೆ ಇಳಿಯುವ ಪಾರ್ಕಿಂಗ್, ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಗಿಂತ ಕೆಳಗಾದ ಹಳೇ ಮನೆಗಳು. ಇವು ಕಂಡರೆ ಅಲ್ಲಿ ಯಾರೂ ಏನೂ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜಾಸ್ತಿ. ಜೋರು ಮಳೆ ನಿಂತ ಅರ್ಧ ಗಂಟೆಗೆ ಹೋಗಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಹಾಗೆಯೇ ಮೈಸೂರು ರಸ್ತೆಯ ವೃಷಭಾವತಿ, ಆಗ್ನೇಯದ ಬೆಳ್ಳಂದೂರು, ವರ್ತೂರು ಕೆರೆಗಳ ಕಡೆ ಸಂಜೆ ಗಾಳಿ ಯಾವ ಕಡೆ ಬೀಸುತ್ತದೆ ಅಂತ ನಿಂತು ನೋಡಿ. ವಾಸನೆ ಹಗಲಿನಲ್ಲಿ ಗೊತ್ತಾಗುವುದಿಲ್ಲ.

ಹೆಜ್ಜೆ 3: ಸಂಪಿನ ಮುಚ್ಚಳ ತೆಗೆಸಿ

ನಮ್ಮ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಅರ್ಧ ಕಿ.ಮೀ.ಯಷ್ಟು ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಅಷ್ಟು ಕಷ್ಟಪಟ್ಟು ಬಂದ ನೀರು ಎಲ್ಲರಿಗೂ ಒಂದೇ ಥರ ಸಿಗುವುದಿಲ್ಲ. ಮಲ್ಲೇಶ್ವರ, ಬಸವನಗುಡಿ, ಜಯನಗರ, ರಾಜಾಜಿನಗರದಂಥ ಹಳೇ ಬಡಾವಣೆಗಳಲ್ಲಿ ಪೈಪು ಹಳತು, ಆದರೆ ನೀರು ಇದೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆ ಬಹುಕಾಲ ಬೋರ್‌ವೆಲ್ಲೇ ಗತಿಯಾಗಿತ್ತು. ಆ ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಜನ ಪಟ್ಟ ಪಾಡು ಯಾರೂ ಮರೆತಿಲ್ಲ, ಅಲ್ವಾ?

'ಕಾವೇರಿ ಕನೆಕ್ಷನ್ ಇದೆ' ಅಂದ ತಕ್ಷಣ ನಂಬಬೇಡಿ. ಬೀದಿಯಲ್ಲಿ ಪೈಪ್ ಹಾಕಿರುವುದು ಬೇರೆ, ಮನೆಗೆ ಮೀಟರ್ ಕೂರಿಸಿರುವುದು ಬೇರೆ, ಆ ಮೀಟರ್‌ನಲ್ಲಿ ನೀರು ಓಡುವುದು ಬೇರೆ. ಕಳೆದ ಆರು ತಿಂಗಳ ಜಲಮಂಡಳಿ ಬಿಲ್ ಕೇಳಿ, ಪ್ರತಿ ತಿಂಗಳು ಎಷ್ಟು ನೀರು ಬಂದಿದೆ ಅಂತ ಬರೆದಿರುತ್ತದೆ. ಮಾರ್ಚ್, ಏಪ್ರಿಲ್‌ನ ಬಿಲ್ ಆದರೆ ಇನ್ನೂ ಒಳ್ಳೆಯದು. ಸಂಪಿನ ಮುಚ್ಚಳ ತೆಗೆಸಿ ನೋಡಿ. ನಾನು ಒಂದು ಕಡೆ ತೆಗೆಸಿದಾಗ ಕಾವೇರಿ ಪೈಪಿನ ಬಾಯಿ ಒಣಗಿ ಜೇಡ ಬಲೆ ಕಟ್ಟಿತ್ತು. ಮುಚ್ಚಳದ ಅಂಚಿನಲ್ಲಿ ಟ್ಯಾಂಕರ್ ಪೈಪ್ ಉಜ್ಜಿ ಉಜ್ಜಿ ಸಿಮೆಂಟು ಸವೆದಿತ್ತು. ಆ ಮನೆಯ ವಿಷಯ ಅಲ್ಲಿಗೆ ಮುಗಿಯಿತು.

ಎಲ್ಲರಿಗಿಂತ ಸರಿಯಾದ ಉತ್ತರ ಸಿಗುವುದು ಬೀದಿಗೆ ನೀರು ಬಿಡುವ ವಾಟರ್‌ಮ್ಯಾನ್ ಹತ್ತಿರ. ನಾವು ಕೊನೆಗೆ ಕೊಂಡ ಬೀದಿಯಲ್ಲಿ ಸಿಕ್ಕವರು ಕೈಯಲ್ಲಿ ಉದ್ದದ ವಾಲ್ವ್ ಕೀ ಹಿಡಿದಿದ್ದರು. "ದಿನಾ ಬರುತ್ತಾ ಅಣ್ಣ?" ಅಂತ ಕೇಳಿದೆ. "ದಿನಾ ಎಲ್ಲಿ ಸಾರ್, ದಿನ ಬಿಟ್ಟು ದಿನ. ಐದಕ್ಕೆ ಬಿಟ್ರೆ ಎಂಟಕ್ಕೆ ನಿಲ್ಲಿಸ್ತೀನಿ. ಈ ಕ್ರಾಸ್ ಇಳಿಜಾರು, ಸಂಪು ಬೇಗ ತುಂಬುತ್ತೆ. ಆ ಮೇಲಿನ ಕ್ರಾಸ್‌ಗೆ ಪ್ರೆಷರ್ ಸಾಲಲ್ಲ." ತೀರಾ ತಗ್ಗಾದರೆ ಮಳೆ ನೀರು ನುಗ್ಗುತ್ತದೆ, ತೀರಾ ಮೇಡಾದರೆ ಕಾವೇರಿ ಹತ್ತುವುದಿಲ್ಲ. ಅದಕ್ಕೇ ಕ್ರಾಸ್ ಕ್ರಾಸ್‌ಗೂ ಹೋಗಿ ಕೇಳಬೇಕು ಅಂದಿದ್ದು.

ಒಳಚರಂಡಿಯನ್ನೂ ಕೇಳಿ. ಯುಜಿಡಿ ಇಲ್ಲದ ಕಡೆ ಪಿಟ್ ಇರುತ್ತದೆ, ಅದನ್ನು ಖಾಲಿ ಮಾಡಿಸುವ ಲಾರಿ ಖರ್ಚು ಇರುತ್ತದೆ, ಹತ್ತಿರದಲ್ಲಿ ಬೋರ್‌ವೆಲ್ ಇದ್ದರೆ ಅದರ ನೀರೂ ಕೆಡುತ್ತದೆ.

ಹೆಜ್ಜೆ 4: ಬಡಾವಣೆ ಹುಟ್ಟಿದ್ದು ಹೇಗೆ ಅಂತ ತಿಳಿಯಿರಿ

1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಯಲ್ಲಿ ಬೀದಿಗೊಂದು ಕಸುಬು ಇತ್ತು. 1898ರಲ್ಲಿ ಪ್ಲೇಗ್ ಬಂದಾಗ ಜನ ಇಕ್ಕಟ್ಟಿನ ಪೇಟೆ ಬಿಟ್ಟು ಗಾಳಿ ಬೆಳಕಿನ ಕಡೆ ಹೊರಟರು. ಮಲ್ಲೇಶ್ವರ, ಬಸವನಗುಡಿ ಬೆಳೆದಿದ್ದು ಆಗ. ಅಲ್ಲಿ ಮನೆಗಳ ಹಿಂದೆ ಕಸ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ, ಅಗಲ ರಸ್ತೆ, ಸಾಲು ಮರ ಎಲ್ಲ ಮೊದಲೇ ಯೋಚಿಸಿ ಬಿಟ್ಟಿದ್ದು. ಸ್ವಾತಂತ್ರ್ಯ ಬಂದ ಮರುವರ್ಷ ಜಯನಗರಕ್ಕೆ ಅಡಿಗಲ್ಲು ಬಿತ್ತು. ಆಮೇಲೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ಗೃಹಮಂಡಳಿ, ಸೊಸೈಟಿ ಲೇಔಟ್‌ಗಳು, ಕೊನೆಗೆ ಹೊಲವನ್ನೇ ಸೈಟು ಮಾಡಿ ಮಾರಿದ ರೆವಿನ್ಯೂ ಲೇಔಟ್‌ಗಳು. ಬಡಾವಣೆ ಯಾವ ಕಾಲದ್ದು, ಯಾರು ಮಾಡಿದ್ದು ಅಂತ ಗೊತ್ತಾದರೆ ಅದರ ಕಾಗದದಲ್ಲಿ ಏನು ತೊಂದರೆ ಇರಬಹುದು ಅಂತ ಮೊದಲೇ ಊಹಿಸಬಹುದು.

ಹಳೇ ಏರಿಯಾದಲ್ಲಿ ತೊಂದರೆ ಬರುವುದು ಅಣ್ಣತಮ್ಮಂದಿರ, ಅಕ್ಕತಂಗಿಯರ ಪಾಲಿನಲ್ಲಿ. ತಾತನ ಹೆಸರಿನ ಮನೆ, ಮಕ್ಕಳಲ್ಲಿ ಒಬ್ಬರು ಮಾತ್ರ ಮಾರಲು ಬಂದಿರುತ್ತಾರೆ. ವಂಶವೃಕ್ಷ ಕೇಳಿ, ಪಾಲುಪಟ್ಟಿ ನೋಂದಣಿ ಆಗಿದೆಯಾ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮ ಪಾಲು. ಮದುವೆಯಾಗಿ ಹೋದ ಅಕ್ಕನ ಸಹಿ ಇಲ್ಲದ ಕ್ರಯಪತ್ರ ನಾಳೆ ಕೋರ್ಟಿಗೆ ಎಳೆಯುತ್ತದೆ. ಅದೂ ಅಲ್ಲದೆ ಅವರ ಹಕ್ಕು ಅವರದು, ಅದನ್ನು ತಪ್ಪಿಸಿ ನಾವು ಮನೆ ಮಾಡುವುದು ಬೇಡ.

ಬಿಡಿಎ ಸೈಟಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಸಂಪೂರ್ಣ ಕ್ರಯಪತ್ರ ಇರಬೇಕು. ಇಲ್ಲಿ ಕಾಗದ ಗಟ್ಟಿ, ಆದರೆ ಸೌಲಭ್ಯ ತಡ. ಕೆಂಪೇಗೌಡ ಬಡಾವಣೆಯ ಸೈಟುದಾರರು ಸೈಟು ಕೈಗೆ ಬಂದ ವರ್ಷಗಳ ನಂತರವೂ ರಸ್ತೆ, ನೀರಿಗಾಗಿ ಹೋರಾಡಬೇಕಾಗಿ ಬಂತು. ಅರ್ಕಾವತಿ ಬಡಾವಣೆಯ ಭೂಸ್ವಾಧೀನದ ಗೊಂದಲ ಕೋರ್ಟಿನಲ್ಲಿ ಎಷ್ಟು ವರ್ಷ ನಡೆಯಿತು ಅಂತ ಎಲ್ಲರಿಗೂ ಗೊತ್ತು. ಬಿಡಿಎ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿಕೊಳ್ಳಬೇಡಿ, ಆ ಸರ್ವೆ ನಂಬರಿನ ಮೇಲೆ ಕೇಸು ಇದೆಯಾ ಅಂತ ವಕೀಲರಿಂದ ತೆಗೆಸಿ.

ರೆವಿನ್ಯೂ ಸೈಟಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಕೈಯಲ್ಲಿರುವ ದುಡ್ಡಿಗೆ ಬೇರೆ ಏನೂ ಸಿಗದೆ ಸಾವಿರಾರು ಕುಟುಂಬ ಅಲ್ಲೇ ಮನೆ ಕಟ್ಟಿಕೊಂಡಿದೆ, ಅವರನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ನೀವು ಈಗ ಹೊಸದಾಗಿ ಕೊಳ್ಳುವುದಾದರೆ ಮೂರು ಕೇಳಿ. ಜಮೀನು ಕೃಷಿಯಿಂದ ವಸತಿಗೆ ಕನ್ವರ್ಷನ್ ಆಗಿದೆಯಾ? ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯಾ? ಖಾತಾ, ಅಂದರೆ ಪಾಲಿಕೆಯ ಆಸ್ತಿ ತೆರಿಗೆ ದಾಖಲೆ, ಎ ನಾ, ಬಿ ನಾ? ಬಿ ಖಾತಾ ಅಂದರೆ ತೆರಿಗೆ ಕಟ್ಟುತ್ತಾರೆ, ಆದರೆ ಆಸ್ತಿಯಲ್ಲಿ ನಿಯಮದ ಪ್ರಕಾರ ಏನೋ ಕೊರತೆ ಇದೆ ಅಂತ. ಸಾಲ, ಪ್ಲಾನ್ ಎರಡರಲ್ಲೂ ತೊಡಕು. 'ಎ ಮಾಡಿಸಿಕೊಡ್ತೀವಿ' ಅಂದರೆ ಮಾಡಿಸಿದ ಮೇಲೆ ಬರುತ್ತೇವೆ ಅನ್ನಿ. 2024ರ ಕೊನೆಯಿಂದ ನಗರದೊಳಗಿನ ನೋಂದಣಿಗೆ ಇ-ಖಾತಾ (ಡಿಜಿಟಲ್ ಖಾತಾ) ಕಡ್ಡಾಯ, ಅದನ್ನು ಮೊದಲೇ ನೋಡಿಕೊಳ್ಳಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ, ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಅಂತ ತಿಳಿದಿರಲಿ.

ಹೊರವಲಯದಲ್ಲಿ ಇನ್ನೊಂದು ಅಪಾಯ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರುವಂತಿಲ್ಲ. ಅದು 1978ರ ಪಿಟಿಸಿಎಲ್ ಕಾಯ್ದೆ. 2023ರ ತಿದ್ದುಪಡಿಯ ನಂತರ ಅಂಥ ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ. ಮೂಲ ಪತ್ರದಿಂದ ಹಿಡಿದು ಕನಿಷ್ಠ 30 ವರ್ಷದ ಋಣಭಾರ ಪತ್ರ, ಪಹಣಿ, ಮ್ಯುಟೇಷನ್ ಎಲ್ಲ ವಕೀಲರಿಗೆ ಕೊಟ್ಟು ಬರಹದಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ. ಆ ವಕೀಲರು ನಿಮ್ಮವರಾಗಿರಬೇಕು, ಬ್ರೋಕರ್ ಕರೆತಂದವರಲ್ಲ.

ಫ್ಲಾಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಓಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ), ಕಟ್ಟಡದ ನೆಲದಲ್ಲಿ ನಿಮ್ಮ ಪಾಲಿಗೆ ಬರುವ ಜಾಗ ಎಷ್ಟು ಅನ್ನುವುದು, ಇಷ್ಟು ಮುಖ್ಯ.

ಹೆಜ್ಜೆ 5: ನಾಲ್ಕು ಹೊತ್ತಿನಲ್ಲಿ ಹೋಗಿ

ಬ್ರೋಕರ್ ಕರೆದುಕೊಂಡು ಹೋಗುವುದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ. ಆಗ ಎಲ್ಲ ಬೀದಿಯೂ ಚೆನ್ನಾಗಿರುತ್ತದೆ. ನೀವೇ ಒಮ್ಮೆ ಸೋಮವಾರ ಎಂಟೂವರೆಗೆ ಹೋಗಿ, ಒಮ್ಮೆ ಶುಕ್ರವಾರ ಸಂಜೆ ಏಳಕ್ಕೆ, ಒಮ್ಮೆ ರಾತ್ರಿ ಹತ್ತಕ್ಕೆ, ಒಮ್ಮೆ ಮುಂಜಾನೆ ಆರಕ್ಕೆ. ರಾತ್ರಿಯ ಭೇಟಿಗೆ ಮನೆಯ ಹೆಣ್ಣುಮಕ್ಕಳೂ ಬರಲಿ. ಬಸ್ ಸ್ಟಾಪಿನಿಂದ ಮನೆವರೆಗೆ ಒಬ್ಬಳೇ ನಡೆದು ಬರಬಲ್ಲೆನಾ ಅನ್ನುವುದಕ್ಕೆ ಅವರೇ ಉತ್ತರ ಕೊಡಬೇಕು. ನನ್ನ ಹೆಂಡತಿ ಒಂದು ಒಳ್ಳೆಯ ಮನೆಯನ್ನು ಇದೊಂದೇ ಕಾರಣಕ್ಕೆ ಬೇಡ ಅಂದಳು. ಅವಳು ಹೇಳಿದ್ದೇ ಸರಿ.

ಮುಂಜಾನೆ ಹೋದಾಗ ಹಾಲಿನ ಬೂತಿನ ಹತ್ತಿರ ನಿಲ್ಲಿ. ಕಸದ ಗಾಡಿ ದಿನಾ ಬರುತ್ತದಾ, ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ, ಅಕ್ಕಪಕ್ಕದ ಖಾಲಿ ಸೈಟು ಯಾರದ್ದು ಅಂತ ಅಲ್ಲಿ ನಿಂತವರು ಹೇಳುತ್ತಾರೆ. ಬೀದಿಯಲ್ಲಿ ದಿನಸಿ ಅಂಗಡಿ, ಮೆಡಿಕಲ್ ಸ್ಟೋರ್, ಹೂವು ಮಾರುವವರು ಇದ್ದಾರಾ ನೋಡಿ. ರಸ್ತೆ ಅಗಲವನ್ನು ಟೇಪ್ ಹಿಡಿದು ಅಳೆಯಿರಿ. ಎರಡು ಬದಿ ಕಾರು ನಿಂತರೆ ಆಂಬುಲೆನ್ಸ್ ಹೋಗಬೇಕಲ್ವಾ.

ಹೆಜ್ಜೆ 6: ರೇಟು, ಖರ್ಚು

ಆ ಕ್ರಾಸ್‌ನಲ್ಲಿ ಇತ್ತೀಚೆಗೆ ಮಾರಾಟವಾದ ಎರಡು ಮೂರು ಮನೆಗಳ ರೇಟು ಬ್ರೋಕರ್ ಬಿಟ್ಟು ಬೇರೆಯವರಿಂದ ಕೇಳಿ. ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ದರ ನೋಂದಣಿ ಇಲಾಖೆಯ 'ಕಾವೇರಿ' ವೆಬ್‌ಸೈಟ್‌ನಲ್ಲಿ ಸಿಗುತ್ತದೆ, ಅದು ತಳಮಟ್ಟದ ಲೆಕ್ಕ ಅಷ್ಟೇ. 45 ಲಕ್ಷದ ಮೇಲಿನ ಆಸ್ತಿಗೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2% ಆಗಿದೆ. ಒಂದು ಕೋಟಿಯ ಮನೆಗೆ ಇದೇ 7.6 ಲಕ್ಷ. 50 ಲಕ್ಷ ಅಥವಾ ಜಾಸ್ತಿ ಆದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ನೀವೇ 1% ಟಿಡಿಎಸ್ (ಆದಾಯ ತೆರಿಗೆ) ಹಿಡಿದು ಕಟ್ಟಬೇಕು. ಬ್ಯಾಂಕ್ ಸಾಲದಲ್ಲಿ ಈ ಶುಲ್ಕಗಳು ಸಾಮಾನ್ಯವಾಗಿ ಸೇರುವುದಿಲ್ಲ, ಕೈಯಿಂದ ಕೊಡಬೇಕು. ಕ್ರಯಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದು ನಗದು ಕೊಡಿ ಅಂದರೆ ಎದ್ದು ಬನ್ನಿ.

ಹೆಜ್ಜೆ 7: ಸಾಧ್ಯವಾದರೆ, ಮೊದಲು ಬಾಡಿಗೆಗೆ ಇರಿ

ಏರಿಯಾ ಹೊಸದಾದರೆ ಹನ್ನೊಂದು ತಿಂಗಳ ಕರಾರಿನಲ್ಲಿ ಅದೇ ಬೀದಿಯ ಹತ್ತಿರ ಬಾಡಿಗೆಗೆ ಇದ್ದು ನೋಡಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಭೋಗ್ಯಕ್ಕೆ ಹಾಕಿಕೊಳ್ಳುವುದಾದರೆ ಮನೆಯ ಮೇಲೆ ಸಾಲ ಇದೆಯಾ ನೋಡಿಕೊಂಡು, ಕರಾರನ್ನು ನೋಂದಣಿ ಮಾಡಿಸಿ. ನಾವು ಹೀಗೇ ಮಾಡಿದೆವು. ಏಪ್ರಿಲ್‌ನಲ್ಲಿ ಹೋಗಿ ಸೇರಿಕೊಂಡೆವು. ಅಕ್ಟೋಬರ್‌ನಲ್ಲಿ ಒಂದು ರಾತ್ರಿ ನಾಲ್ಕು ಗಂಟೆ ಬಿಡದೆ ಮಳೆ ಸುರಿಯಿತು. ಕೊಡೆ ಹಿಡಿದು ನಾವಿಬ್ಬರೂ ಕ್ರಾಸ್‌ನ ತುದಿವರೆಗೆ ನಡೆದೆವು. ನೀರು ಮೋರಿಯಲ್ಲೇ ಹರಿದು ಹೋಗುತ್ತಿತ್ತು, ಯಾವ ಗೇಟಿನೊಳಗೂ ನುಗ್ಗಿರಲಿಲ್ಲ. ಮಾರನೇ ದಿನ ಬೆಳಗ್ಗೆ ಮಾಲೀಕರಿಗೆ ಫೋನ್ ಮಾಡಿ ಅಡ್ವಾನ್ಸ್ ವಿಷಯ ಮಾತಾಡಿದೆ.